ನಾಲ್ಕನೇ ನಂಬರಿನ ರಕ್ತ

ಆ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಬರಿ ಹೊಟ್ಟೆಯಲ್ಲಿ ಊಟದ ಮೇಜಿಗೆ ಬಂದು ಕೂತು ತೋಳು ಚಾಚಬೇಕಿತ್ತು. ಸೂಜಿ ಆದಮೇಲೆ ತಿಂಡಿ. ಇದು ಪ್ರೊಫೆಸರ ಕಾನೂನು. ಮೈ ರೋಗದ ಜೊತೆ ಹೇಗೆ ಹೊಡೆದಾಡುತ್ತದೆ, ಕೆಲವೊಮ್ಮೆ ತನ್ನ ಮೇಲೆ ತಾನೇ ಹೇಗೆ ತಿರುಗಿಬೀಳುತ್ತದೆ ಎಂಬುದನ್ನು ಮೂವತ್ತು ವರ್ಷದಿಂದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ, ಅದರ ಮೇಲೇ ಸಂಶೋಧನೆ ಮಾಡುತ್ತ ಬಂದ ಮನುಷ್ಯ. ರೋಗಿಗಳ ರಕ್ತ ಆಸ್ಪತ್ರೆಯಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ, ಅದೂ ವರ್ಷಗಟ್ಟಲೆ ತಪ್ಪದೆ ಕೊಡುವವರ ರಕ್ತ, ಎಲ್ಲಿಂದ ತರುವುದು? ಮನೆಯಲ್ಲೇ ನಾಲ್ಕು ಜನ ಉಂಡು ತಿಂದು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರಲ್ಲ. ತಾವು ಒಂದನೇ ನಂಬರು, ಹೆಂಡತಿ ಎರಡು, ಅಕ್ಕ ಮೂರು, ಮಗಳು ಪುಟ್ಟಿ ನಾಲ್ಕು.

ಸೂಜಿ ಹಿಡಿಯುತ್ತಿದ್ದವಳು ಅಕ್ಕ. ಮದುವೆಯಾಗದೆ, ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ದುಡಿದು, ತಮ್ಮನ ಮನೆಯ ಅಡುಗೆಮನೆ ಪಕ್ಕದ ಕೋಣೆ ಸೇರಿಕೊಂಡವಳು. ಬೀದಿಯೆಲ್ಲ ಅವಳನ್ನು ನರ್ಸಕ್ಕ ಎನ್ನುತ್ತಿತ್ತು. ಅವಳದೊಂದು ಪಟ್ಟು. ಚೀಟಿಯನ್ನು ಮೊದಲೇ ಬರೆದಿಡುವಂತಿಲ್ಲ. ರಕ್ತ ಎಳೆದ ಮೇಲೆ, ಕೊಟ್ಟವರ ಕಣ್ಣೆದುರೇ ಕೊಳವೆಗೆ ಚೀಟಿ ಅಂಟಿಸಬೇಕು, ಅದರ ಮೇಲಿನ ನಂಬರನ್ನು ಕೊಟ್ಟವರೇ ಗಟ್ಟಿಯಾಗಿ ಓದಬೇಕು. ಓದುವವರೆಗೆ ಹತ್ತಿ ಕೊಡುತ್ತಿರಲಿಲ್ಲ. ಪ್ರೊಫೆಸರು ಕೂಡ ತೋಳಿನಿಂದ ರಕ್ತ ಇಳಿಸಿಕೊಂಡು ಶಾಲೆಯ ಹುಡುಗನಂತೆ "ಒಂದು" ಎನ್ನಬೇಕಿತ್ತು. ಹದಿನೈದನೇ ವಯಸ್ಸಿನಿಂದ ಪುಟ್ಟಿ ಮುಖ ಹಿಂಡಿಕೊಂಡು "ನಾಲ್ಕು" ಎನ್ನುತ್ತ ಬಂದಿದ್ದಳು. ಆಮೇಲೆ ನರ್ಸಕ್ಕ ಕೊಳವೆಗಳನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಬಸ್ಸು ಹತ್ತಿ ವಿಭಾಗಕ್ಕೆ ಹೋಗಿ, ರಕ್ತದ ತಿಳಿ ಬೇರೆ ಮಾಡಿಸಿ, ಅದೇ ನಂಬರು ಹಾಕಿ ಫ್ರೀಜರಿನಲ್ಲಿಟ್ಟು ಬರುತ್ತಿದ್ದಳು.

ಒಂಬತ್ತು ವರ್ಷ ಹೀಗೆ ನಡೆಯಿತು. ತಲೆಗೆ ಮೂವತ್ತಾರು ಕೊಳವೆ. ಎರಡು ವರ್ಷದ ಹಿಂದೆ ಪ್ರೊಫೆಸರು ಅವೆಲ್ಲವನ್ನೂ ಒಟ್ಟಿಗೆ ಪರೀಕ್ಷೆ ಮಾಡಿದರು. ಆವತ್ತು ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಅಕ್ಕನ ಮೇಲೆ ಹರಿಹಾಯ್ದರು. ನಾಲ್ಕನೇ ನಂಬರು ಪೂರ್ತಿ ಹಾಳು, ಇಪ್ಪತ್ತೈದನೇ ಕೊಳವೆಯಿಂದ ಮುಂದೆ ಅಂಕಿ ಏರುತ್ತಲೇ ಹೋಗಿದೆ, ಪಕ್ಕದ ಅರೆಯ ರೋಗಿಗಳ ಕೊಳವೆ ಸೇರಿಕೊಂಡಿದೆ, ಫ್ರೀಜರಿನಲ್ಲಿ ಇಡುವಾಗ ಅದಲುಬದಲು ಮಾಡಿದ್ದೀಯ, ಕಣ್ಣು ಮಂಜು, ಕೈ ನಡುಕ, ಸಾಕು ಬಿಡು ಎಂದರು. ನರ್ಸಕ್ಕ ಎದುರಾಡಲಿಲ್ಲ. ಸೂಜಿ, ಪಟ್ಟಿ, ಪೆಟ್ಟಿಗೆ ಎಲ್ಲವನ್ನೂ ತಂದು ತಮ್ಮನ ಕಾಲ ಬಳಿ ಇಟ್ಟು ಕೋಣೆಗೆ ಹೋದಳು.

ಮುಂದಿನ ಭಾನುವಾರದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಸೂಜಿ ಹಿಡಿದು ಬಂದಳು. ಕೆಟ್ಟುಹೋದ ಸರಣಿ ಎಂದು ಪುಟ್ಟಿಯನ್ನು ಪಟ್ಟಿಯಿಂದ ಬಿಟ್ಟರು. ಉಳಿದ ಮೂವರ ರಕ್ತದ ಮೇಲೆ ಪ್ರೊಫೆಸರು ಬರೆದ ಪ್ರಬಂಧಕ್ಕೆ ಎಲ್ಲೆಲ್ಲಿಂದಲೋ ಹೊಗಳಿಕೆ ಬಂತು. ಆರೋಗ್ಯವಂತರ ರಕ್ತ ವರ್ಷಗಟ್ಟಲೆ ಅಲುಗಾಡದೆ ಒಂದೇ ತೆರನಾಗಿರುತ್ತದೆ ಎಂಬುದು ಅದರ ಸಾರ. ಅದರ ಬಲದಿಂದ ನಿವೃತ್ತಿ ಐದು ವರ್ಷ ಮುಂದಕ್ಕೆ ಹೋಯಿತು, ಹೊಸ ಪ್ರಯೋಗಾಲಯವೂ ಸಿಕ್ಕಿತು. ಮನೆಯಲ್ಲಿ ಅಕ್ಕ ತಮ್ಮ ಮಾತು ಬಿಟ್ಟರು. ಉಪ್ಪು ಬೇಕಾದರೂ "ನಿನ್ನ ಅತ್ತಿಗೆಗೆ ಹೇಳು", "ನಿನ್ನ ಗಂಡನಿಗೆ ಹೇಳು" ಎಂದು ಪ್ರೊಫೆಸರ ಹೆಂಡತಿಯ ಮೂಲಕವೇ ದಾಟಬೇಕಿತ್ತು. ಅವಳು ಪ್ರಾಥಮಿಕ ಶಾಲೆಯ ಟೀಚರಮ್ಮ. ದಿನಕ್ಕೆ ಅರವತ್ತು ಮಕ್ಕಳ ಜಗಳ ಬಿಡಿಸಿ ಬಂದವಳಿಗೆ ಮನೆಯಲ್ಲಿ ಇನ್ನೆರಡು.

ಈಗ ಪ್ರೊಫೆಸರ ಸಿಟ್ಟು ಪುಟ್ಟಿಯ ಮೇಲೆ ತಿರುಗಿತ್ತು. ಇಪ್ಪತ್ತಾರರ ಹುಡುಗಿ, ಮುಖ್ಯರಸ್ತೆಯ ಬೇಕರಿಯಲ್ಲಿ ಕೇಕಿನ ಮೇಲೆ ಹೂವು, ಬಳ್ಳಿ, ಹೆಸರು ಬಿಡಿಸುತ್ತಿದ್ದಳು. ಪ್ರೊಫೆಸರ ಮಗಳು ಕ್ರೀಮು ಹಿಂಡುತ್ತಾಳೆ ಎಂಬುದೇ ಅವರಿಗೆ ಗಂಟಲಲ್ಲಿ ಇಳಿಯದ ಸಂಗತಿ. ಅದರ ಮೇಲೆ ಅವಳು ಕೆಲವು ತಿಂಗಳಿಂದ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಎದ್ದರೂ ಸ್ನಾನದ ಮನೆಯಲ್ಲಿ ಬಿಸಿನೀರಿನ ಬೋಗುಣಿಗೆ ಕೈ ಇಟ್ಟುಕೊಂಡು ಅರ್ಧ ಗಂಟೆ ಕೂತಿರುತ್ತಿದ್ದಳು.

"ಒಂಬತ್ತು ಗಂಟೆ," ಎಂದರು ಪ್ರೊಫೆಸರು ಒಂದು ದಿನ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ನಿಮ್ಮ ಬೇಕರಿ ಒಲೆ ಆರಿರುತ್ತೆ ಇಷ್ಟು ಹೊತ್ತಿಗೆ."

"ಬೆರಳು ಮಡಚೋಕಾಗ್ತಿಲ್ಲ ಅಪ್ಪ."

"ಇಪ್ಪತ್ತಾರಕ್ಕೆ ಯಾರಿಗೂ ಬೆರಳು ಬಿಗಿಯಲ್ಲ. ಮೈಗಳ್ಳತನಕ್ಕೆ ನೋವು ಅಂತ ಹೆಸರಿಡಬೇಡ. ಮೂವತ್ತು ವರ್ಷದಿಂದ ರೋಗಿಗಳನ್ನ ನೋಡ್ತಿದ್ದೀನಿ, ರೋಗ ಹೇಗಿರುತ್ತೆ ಅಂತ ನೀನು ನನಗೆ ಹೇಳ್ಕೊಡ್ಬೇಡ."

"ನಿನ್ನ ಗಂಡನಿಗೆ ಹೇಳು," ಎಂದಳು ನರ್ಸಕ್ಕ ಒಲೆಯ ಕಡೆ ಮುಖ ಮಾಡಿಕೊಂಡೇ, "ಅವನು ನೋಡಿರೋದು ರೋಗಿಗಳನ್ನಲ್ಲ, ಕೊಳವೆಗಳನ್ನ."

ಟೀಚರಮ್ಮ ಏನನ್ನೂ ದಾಟಿಸಲಿಲ್ಲ. ಬಾಯಿ ಮುಚ್ಕೊಂಡು ತಿನ್ನಿ, ನನಗೆ ಬಸ್ಸಿದೆ ಎಂದು ಇಬ್ಬರಿಗೂ ಸೇರಿಸಿ ಹೇಳಿ ಹೊರಟಳು. ಪುಟ್ಟಿಯ ಕೆನ್ನೆ ಎರಡೂ ಕೆಂಪಾಗಿ ಉರಿಯುತ್ತಿದ್ದವು. ಬಿಸಿಲಲ್ಲಿ ಅಲೆದರೆ ಇನ್ನೇನಾಗುತ್ತದೆ ಎಂದು ಪ್ರೊಫೆಸರು ಅದಕ್ಕೂ ಒಂದು ಕಾರಣ ಕೊಟ್ಟರು.

ಬೇಕರಿಯಲ್ಲಿ ಹಳೆಯ ಕೇಕಿನ ಮೇಸ್ತ್ರಿ ಆ ತಿಂಗಳು ಕೆಲಸ ಬಿಡುವವನಿದ್ದ, ಅವನ ಜಾಗ ಪುಟ್ಟಿಗೆ ಎಂದು ಯಜಮಾನಿ ಮಾತು ಕೊಟ್ಟಿದ್ದಳು. ಅದಕ್ಕೇ ಪುಟ್ಟಿ ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದಳು. ಆ ಶುಕ್ರವಾರ ಮೂರು ಅಂತಸ್ತಿನ ಕೇಕು ಎತ್ತಿ ಗಾಜಿನ ಪೆಟ್ಟಿಗೆಗೆ ಇಡುವಾಗ ಬೆರಳುಗಳು ಹಿಡಿತ ಬಿಟ್ಟವು. ಕೇಕು ನೆಲಕ್ಕೆ ಬಿತ್ತು. ಯಜಮಾನಿ ಬೈಯಲಿಲ್ಲ. ಕೈ ಸರಿಹೋಗೋ ತನಕ ಮನೇಲಿರಮ್ಮ ಎಂದು ಏಪ್ರನ್ನು ಬಿಚ್ಚಿಸಿಕೊಂಡು, ಅದನ್ನು ಅಲ್ಲೇ ಇನ್ನೊಬ್ಬಳ ಕೈಗೆ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಪುಟ್ಟಿಗೆ. ಮನೆಗೆ ಬಂದು ಅತ್ತೆಯ ಮಂಚದ ತುದಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ನರ್ಸಕ್ಕ ಸಮಾಧಾನ ಹೇಳುವ ಜಾತಿಯವಳಲ್ಲ. ಹುಡುಗಿಯ ಕಾಲು ನೋಡಿದಳು. ಚಪ್ಪಲಿಯ ಪಟ್ಟಿ ಕಾಲೊಳಗೆ ಹೂತಿತ್ತು. ಬಗ್ಗಿ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ನಾದಿದ ಹಿಟ್ಟಿನಲ್ಲಿ ಬೆರಳಿಟ್ಟಂತೆ ಗುಳಿ ಹಾಗೇ ನಿಂತಿತು.

"ಮೂತ್ರದಲ್ಲಿ ನೊರೆ ಬರ್ತಿದ್ಯಾ?"

"ಸೋಪು ಕಲಸಿದ ಹಾಗೆ. ಒಂದು ತಿಂಗಳಾಯ್ತು."

"ಹೇಳೋಕೇನಾಗಿತ್ತು?"

"ಹೇಳಿದ್ರೆ ಅಪ್ಪ ಅದನ್ನೂ ಸೋಮಾರಿತನ ಅಂತಿದ್ರು."

ನರ್ಸಕ್ಕ ಅವಳಿಗೆ ಮುಖ ತೊಳೆಯಲೂ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಐದು ದಿನ ಅಲ್ಲೇ. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಿದರು. ಲೂಪಸ್ ಎಂದರು ಡಾಕ್ಟರಮ್ಮ. ಮೈಯನ್ನು ಕಾಯಬೇಕಾದ ಪ್ರತಿಕಾಯಗಳು ಮೈಯನ್ನೇ ಶತ್ರು ಎಂದುಕೊಂಡು ಹೊಡೆಯುವ ಕಾಯಿಲೆ. ಬೆರಳಿನ ಗೆಣ್ಣು ದಾಟಿ ಈಗ ಕಿಡ್ನಿಗೆ ಕೈ ಹಾಕಿದೆ, ಆರು ತಿಂಗಳು ಬಲವಾದ ಔಷಧಿ ಬೇಕು, ಅಷ್ಟಾದರೂ ಕಿಡ್ನಿ ಎಷ್ಟು ಉಳಿಯುತ್ತದೆಂದು ಈಗಲೇ ಹೇಳಲಾಗದು ಎಂದು ವಿವರಿಸಿದರು.

"ಹೊರಗೆ ಕಾಣಿಸ್ಕೊಳ್ಳೋಕೆ ಎಷ್ಟೋ ವರ್ಷ ಮೊದಲೇ ಇದು ರಕ್ತದಲ್ಲಿ ಏರ್ತಾ ಬಂದಿರುತ್ತೆ," ಎಂದರು ಕೊನೆಗೆ. "ಯಾವಾಗಿಂದ ಅಂತ ಗೊತ್ತಾದ್ರೆ ಒಳ್ಳೇದು. ಹಳೇ ರಿಪೋರ್ಟು ಏನಾದ್ರೂ ಇದ್ರೆ ತನ್ನಿ."

ನರ್ಸಕ್ಕನಿಗೆ ಫ್ರೀಜರಿನಲ್ಲಿದ್ದ ನಾಲ್ಕನೇ ನಂಬರು ನೆನಪಾಯಿತು.

ಪುಟ್ಟಿ ಮನೆಗೆ ಬಂದ ದಿನ ಮೇಜಿನ ಮೇಲೆ ಉಪ್ಪಿಲ್ಲದ ಸೂಪು, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು. ಪ್ರೊಫೆಸರು ಮಗಳ ಕಡೆ ನೋಡದೆ, ಈ ಕಾಯಿಲೆಗೆ ಈಗ ಒಳ್ಳೊಳ್ಳೆ ಔಷಧಿಗಳಿವೆ ಎಂದು ಕ್ಲಾಸಿನಲ್ಲಿ ಹೇಳುವಂತೆ ಹೇಳುತ್ತಿದ್ದರು. ನರ್ಸಕ್ಕ ಸೌಟು ಕೆಳಗಿಟ್ಟಳು. ಎರಡು ವರ್ಷದಲ್ಲಿ ಮೊದಲ ಸಲ ತಮ್ಮನ ಮುಖ ನೋಡಿ ಮಾತಾಡಿದಳು.

"ಆ ನಾಲ್ಕನೇ ನಂಬರಲ್ಲಿ ಏನು ಏರಿತ್ತು?"

"ಯಾವ ನಾಲ್ಕು?"

"ಈ ಮನೇಲಿರೋದು ಒಂದೇ ನಾಲ್ಕು. ನಿನ್ನೆದುರಿಗೇ ಕೂತಿದೆ."

ಅದು ಅದಲುಬದಲಾದ ಕೊಳವೆಗಳ ಲೆಕ್ಕ, ಅದಕ್ಕೆ ಅರ್ಥವಿಲ್ಲ ಎಂದರು ಪ್ರೊಫೆಸರು. ಅರ್ಥ ಕೇಳಲಿಲ್ಲ, ಏನು ಏರಿತ್ತೆಂದು ಕೇಳಿದೆ ಎಂದಳು ಅಕ್ಕ. ಪ್ರೊಫೆಸರು ಚಮಚವನ್ನು ಸೂಪಿನಲ್ಲಿ ತಿರುಗಿಸುತ್ತ ಒಂದು ಪ್ರತಿಕಾಯದ ಹೆಸರು ಹೇಳಿದರು. ಆಸ್ಪತ್ರೆಯ ಚೀಟಿಯಲ್ಲಿ ಡಾಕ್ಟರಮ್ಮ ಎರಡು ಗೆರೆ ಎಳೆದು ಬರೆದಿದ್ದೂ ಅದೇ ಹೆಸರು. ಟೀಚರಮ್ಮನ ಕೈಯಲ್ಲಿದ್ದ ಬ್ರೆಡ್ಡಿನ ತುಂಡು ತಟ್ಟೆಗೆ ವಾಪಸ್ಸು ಹೋಯಿತು.

"ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು ಪುಟ್ಟಿ.

"ಗೊತ್ತಿರಲಿಲ್ಲ. ಸರಿಯಾಗಿ ಕೇಳಿಸ್ಕೋ. ನಿನ್ನನ್ನ ಪಟ್ಟಿಗೆ ಹಾಕಿದ್ದೇ ಆರೋಗ್ಯವಂತಳು ಅಂತ. ಆರೋಗ್ಯವಂತರ ರಕ್ತದಲ್ಲಿ ಅದು ಅಷ್ಟು ಇರೋಕೆ ಸಾಧ್ಯ ಇಲ್ಲ. ಹಾಗಾಗಿ ಅದು ನಿನ್ನ ರಕ್ತ ಅಲ್ಲ ಅಂದ್ಕೊಂಡೆ."

"ಒಂದು ಸಲ ಮತ್ತೆ ರಕ್ತ ತೆಗೆದು ನೋಡಬಹುದಿತ್ತಲ್ಲ. ಪಕ್ಕದ ರೂಮಲ್ಲೇ ಇದ್ದೆ ನಾನು."

ಪ್ರೊಫೆಸರು ದನಿ ಏರಿಸಿದರು. ಕೊಳವೆ ಇಟ್ಟವಳು ಅರವತ್ತೈದರ ಮುದುಕಿ, ಯಾರಿಗೇ ಆಗಲಿ ಮೊದಲು ಬರುವ ಅನುಮಾನ ಅದೇ ಎಂದರು. ನರ್ಸಕ್ಕ ಎದ್ದುಹೋಗಿ ತನ್ನ ಟ್ರಂಕಿನಿಂದ ಉದ್ದನೆಯ ರಟ್ಟಿನ ಪುಸ್ತಕವೊಂದನ್ನು ತಂದಳು. ಒಂಬತ್ತು ವರ್ಷದ ಭಾನುವಾರಗಳೆಲ್ಲ ಅದರಲ್ಲಿದ್ದವು. ಯಾವ ಕೈ, ಯಾವ ಹೊತ್ತು, ಫ್ರೀಜರಿನ ಯಾವ ಅರೆಯ ಎಷ್ಟನೇ ತೂತು, ಕೊಟ್ಟವರು ಏನು ಹೇಳಿಕೊಂಡರು, ಎಲ್ಲ. ಯಾರೂ ಕೇಳಿರಲಿಲ್ಲ, ಆದರೂ ವಾರ್ಡಿನ ಅಭ್ಯಾಸ ಬಿಟ್ಟಿರಲಿಲ್ಲ.

"ಇಪ್ಪತ್ತೇಳನೇ ಕೊಳವೆ," ಎಂದು ಓದಿದಳು. "ಎಡಗೈ. ಬೆಳಿಗ್ಗೆ ಬೆರಳು ಬಿಗೀತವೆ ಅಂದಳು. ನಾಲ್ಕು ಅಂತ ಓದಿದಳು. ಮೂವತ್ತೊಂದು. ಬಲಗೈ. ಬಾಯಲ್ಲಿ ಹುಣ್ಣು. ನಾಲ್ಕು ಅಂತ ಓದಿದಳು." ಪುಸ್ತಕ ಮುಚ್ಚಿದಳು. "ಪ್ರತಿ ಸಲಾನೂ ನಿನ್ನ ಕಿವೀಲೇ ಬಿದ್ದಿತ್ತು. ನೀನು ಇದೇ ಕುರ್ಚೀಲಿ ಕೂತು ಮೊಟ್ಟೆ ಸುಲೀತಿದ್ದೆ."

ಮರುದಿನ ಆ ಹಳೆಯ ಲೆಕ್ಕವನ್ನು ಡಾಕ್ಟರಮ್ಮನಿಗೆ ಕೊಡಿ ಎಂದು ಪುಟ್ಟಿ ಕೇಳಿದಾಗ ಪ್ರೊಫೆಸರು ಕೊಡಲಿಲ್ಲ. ಸಂಶೋಧನೆಯ ಅಂಕಿಗಳನ್ನು ಚಿಕಿತ್ಸೆಗೆ ಕೊಡುವಂತಿಲ್ಲ, ನಿಯಮವಿದೆ ಎಂದರು. ಮನೆಯವರ ತೋಳಿನಿಂದ ಒಂದು ಸಹಿಯೂ ಇಲ್ಲದೆ ಒಂಬತ್ತು ವರ್ಷ ರಕ್ತ ಎಳೆಸುವಾಗ ಆ ನಿಯಮ ಎಲ್ಲಿ ಮಲಗಿತ್ತೋ. ನಿಜವಾದ ಸಂಗತಿ ಬೇರೆ. ಆ ಕಾಗದ ಹೊರಗೆ ಬಂದರೆ, ಆರೋಗ್ಯವಂತರ ರಕ್ತ ಅಲುಗಾಡುವುದಿಲ್ಲ ಎಂದ ಪ್ರಬಂಧದಿಂದ, ಅಲುಗಾಡಿದ ಒಂದು ನಂಬರನ್ನು ಸದ್ದಿಲ್ಲದೆ ತೆಗೆದುಹಾಕಿದ್ದು ಹೊರಬರುತ್ತಿತ್ತು. ಮೂರು ದಿನ ಸತಾಯಿಸಿದರು. ನಾಲ್ಕನೇ ದಿನ ಟೀಚರಮ್ಮ ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಡದೇ ಮಾತಾಡಿದಳು.

"ನಾಳೆ ಹತ್ತು ಗಂಟೆಗೆ ಆ ಕಾಗದ ಡಾಕ್ಟರ ಮೇಜಿನ ಮೇಲಿರಬೇಕು. ಇಲ್ಲಾಂದ್ರೆ ಹತ್ತೂವರೆಗೆ ನಾನು ನಿಮ್ಮ ವಿಭಾಗದಲ್ಲಿರ್ತೀನಿ. ನನ್ನ ಗಂಟಲು ನಿಮಗೆ ಗೊತ್ತಲ್ಲ, ಮೈಕು ಬೇಕಾಗಲ್ಲ."

ಕಾಗದ ಹೋಯಿತು. ಡಾಕ್ಟರಮ್ಮ ಅದನ್ನು ಎರಡು ಸಲ ಓದಿದರು. ಇಪ್ಪತ್ತೈದರಿಂದ ಮೆಟ್ಟಿಲು ಹತ್ತಿದ ಹಾಗಿದೆಯಲ್ಲ ಎಂದರು. ಎರಡು ವರ್ಷದ ಹಿಂದೆ ಇದು ಕೈಗೆ ಸಿಕ್ಕಿದ್ದರೆ ಕಿಡ್ನಿಗೆ ಹೋಗುತ್ತಲೇ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ, ಆದರೆ ಮಾತ್ರೆಯಲ್ಲೇ ಹಿಡಿತದಲ್ಲಿ ಇಟ್ಟುಕೊಂಡವರು ನನ್ನಲ್ಲಿ ತುಂಬ ಜನ ಇದ್ದಾರೆ ಎಂದರು. ಹಾಗೆ ಹೇಳುವಾಗ ಅವರು ಪುಟ್ಟಿಯನ್ನು ನೋಡುತ್ತಿದ್ದರು, ಪಕ್ಕದಲ್ಲಿದ್ದ ಪ್ರೊಫೆಸರನ್ನಲ್ಲ.

ಔಷಧಿ ಶುರುವಾಯಿತು. ಪುಟ್ಟಿಯ ಮುಖ ಊದಿ ದುಂಡಗಾಯಿತು, ಬಾಚಣಿಗೆಗೆ ಕೂದಲು ಹಿಡಿ ಹಿಡಿಯಾಗಿ ಬಂತು, ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಬಾಟಲಿ ಏರಿಸಿಕೊಂಡು ಬಂದ ದಿನ ಅನ್ನದ ವಾಸನೆಯೂ ಸೇರುತ್ತಿರಲಿಲ್ಲ. ಮನೆಯಲ್ಲಿ ಯಾರ ಜೊತೆಗೆ ಯಾರೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ನರ್ಸಕ್ಕ ತಮ್ಮನ ಬಟ್ಟೆ ಒಗೆಯುವುದನ್ನು ನಿಲ್ಲಿಸಿದಳು. ಟೀಚರಮ್ಮ ಮಗಳ ಕೋಣೆಗೆ ಹಾಸಿಗೆ ಸಾಗಿಸಿದಳು. ಪ್ರೊಫೆಸರು ತಾವೇ ಅಂಗಿಗೆ ಇಸ್ತ್ರಿ ಹಾಕಿ, ಒಂದು ತೋಳು ಸುಟ್ಟುಕೊಂಡು, ಅದನ್ನೇ ಮಡಚಿ ತೊಟ್ಟು ಪಾಠಕ್ಕೆ ಹೋದರು.

ಆಮೇಲೊಂದು ದಿನ ಇದ್ದಕ್ಕಿದ್ದಂತೆ ಅವರು ಮೆತ್ತಗಾದರು. ಸಂಜೆ ಬರುವಾಗ ಹಣ್ಣು ತಂದರು. ಮಗಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಮೊದಲು ನೋವು ಬಂದದ್ದು ಯಾವ ಬೆರಳಿಗೆ, ಬಾಯಿಹುಣ್ಣು ಎಷ್ಟು ದಿನ ಇರುತ್ತಿತ್ತು, ಕೆನ್ನೆ ಕೆಂಪಾಗುವುದು ಬಿಸಿಲಿಗೋ ಒಲೆಯ ಕಾವಿಗೋ ಎಂದು ಸಮಾಧಾನವಾಗಿ ಕೇಳಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಅಷ್ಟು ಹೊತ್ತು ಅವಳ ಮಾತು ಕೇಳಿದ್ದಿಲ್ಲ. ಪುಟ್ಟಿಗೆ ಸಂತೋಷವಾಯಿತು. ಅಪ್ಪ ಬದಲಾಗಿದ್ದಾರೆ ಎಂದು ಅತ್ತೆಗೆ ಹೇಳಿದಳು.

"ಕೇಳೋವಾಗ ಬರ್ಕೊಂಡನಾ?" ಎಂದಳು ನರ್ಸಕ್ಕ.

ಬರೆದುಕೊಂಡಿದ್ದರು. ಎಂಟು ದಿನದ ಮೇಲೆ ಬ್ರೆಡ್ಡಿನ ಬುಟ್ಟಿಗೂ ಜಾಮಿನ ಬಾಟಲಿಗೂ ನಡುವೆ ನಾಲ್ಕು ಪುಟದ ಒಪ್ಪಿಗೆ ಪತ್ರ ಬಂದು ಕೂತಿತು. ಪ್ರೊಫೆಸರು ಮೂವತ್ತಾರು ಕೊಳವೆಗಳಲ್ಲಿ ಉಳಿದದ್ದರಿಂದ ಒಂದೊಂದು ಹನಿ ತೆಗೆದು ಮತ್ತೆ ಪರೀಕ್ಷಿಸಿದ್ದರು. ಅವರ ಕಣ್ಣು ಹೊಳೆಯುತ್ತಿದ್ದವು.

"ಜಗತ್ತಲ್ಲೇ ಇಂಥದ್ದು ಅಪರೂಪ, ಪುಟ್ಟಿ. ಒಬ್ಬಳೇ ಹುಡುಗಿಯ ರಕ್ತ, ಹದಿನೈದನೇ ವಯಸ್ಸಿಂದ, ಮೂರು ತಿಂಗಳಿಗೊಂದರ ಹಾಗೆ. ಪೂರ್ತಿ ಆರೋಗ್ಯದಿಂದ ಕಾಯಿಲೆ ಬಾಗಿಲ ತನಕ. ಎಲ್ಲಿ ತಿರುಗ್ತು ಅಂತ ಬೆರಳಿಟ್ಟು ತೋರಿಸಬಹುದು. ಮುಂದೆ ಎಷ್ಟೋ ಹೆಣ್ಣುಮಕ್ಕಳಿಗೆ ಮೊದಲೇ ಗೊತ್ತಾಗುತ್ತೆ. ನಿನ್ನದೊಂದು ಸಹಿ ಸಾಕು."

ಟೀಚರಮ್ಮ ಗಂಡನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ನರ್ಸಕ್ಕ ನಕ್ಕಳು, ಅದು ಚೆನ್ನಾದ ನಗುವಾಗಿರಲಿಲ್ಲ. ಪುಟ್ಟಿ ಮಾತ್ರ ಪತ್ರವನ್ನು ಎತ್ತಿಕೊಂಡು ನಿಧಾನವಾಗಿ ಓದಿದಳು. ಹಣ್ಣು, ಕುರ್ಚಿ, ಸಮಾಧಾನದ ದನಿ ಎಲ್ಲವೂ ಯಾತಕ್ಕೆಂದು ಅವಳಿಗೆ ಅರ್ಥವಾಗಿತ್ತು. ಆದರೂ ಎಷ್ಟೋ ಹೆಣ್ಣುಮಕ್ಕಳು ಎಂದ ಮಾತು ಸುಳ್ಳಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಬಾಟಲಿ ಏರಿಸುವ ಕೋಣೆಯಲ್ಲಿ ಅಂಥ ಆರು ಜನರ ಪಕ್ಕ ಅವಳು ಮಲಗಿ ಬಂದಿದ್ದಳು.

"ಸಹಿ ಹಾಕ್ತೀನಿ," ಎಂದಳು. "ಒಂದೇ ಒಂದು ಮಾತು. ಹಿಂದಿನ ಪ್ರಬಂಧದಲ್ಲಿ ನಾಲ್ಕನ್ನ ಯಾಕೆ ಬಿಟ್ರಿ ಅಂತ ಇದರಲ್ಲಿ ಬರೀರಿ. ಚೀಟಿ ಸರಿಯಾಗಿತ್ತು, ನರ್ಸ್ ತಪ್ಪು ಮಾಡಿರಲಿಲ್ಲ, ತಪ್ಪು ನಿಮ್ಮದು ಅಂತ. ನಿಮ್ಮ ಭಾಷೇಲೇ ಬರೀರಿ. ಆದ್ರೆ ಅದು ಇರಬೇಕು."

ಅದೇನು ದೊಡ್ಡ ವಿಷಯ, ಆಗಲಿ ಎಂದರು ಪ್ರೊಫೆಸರು. ಒಂದು ವಾರ ತೆಗೆದುಕೊಂಡರು. ಮೊದಲು ತಂದ ಹಾಳೆಯಲ್ಲಿ, ಕೊಳವೆಗಳ ಶೇಖರಣೆಯಲ್ಲಿ ಗೊಂದಲ ಇದ್ದಿರಬಹುದಾದ್ದರಿಂದ ನಾಲ್ಕನೇ ಸರಣಿಯನ್ನು ಬಳಸಿರಲಿಲ್ಲ ಎಂದಿತ್ತು. ಟೀಚರಮ್ಮ ಮಕ್ಕಳ ನೋಟ್‌ಬುಕ್ಕು ತಿದ್ದುತ್ತಿದ್ದ ಕೆಂಪು ಪೆನ್ನಿನಲ್ಲೇ ಅದರ ಮೇಲೆ ಅಡ್ಡಗೆರೆ ಎಳೆದು ಹಿಂದಿರುಗಿಸಿದಳು. ಎರಡನೆಯದರಲ್ಲಿ, ರಕ್ತ ಸಂಗ್ರಹಿಸಿದವರ ವಯಸ್ಸಿನ ದೃಷ್ಟಿಯಿಂದ ಮೂಡಿದ ಸಹಜ ಸಂದೇಹ ಎಂದಿತ್ತು. ಅದಕ್ಕೂ ಗೆರೆ ಬಿತ್ತು. ಮೂರನೆಯ ಹಾಳೆ ಬರಲೇ ಇಲ್ಲ. ಪ್ರೊಫೆಸರು ಕೆಂಡಾಮಂಡಲವಾಗಿ ಬಂದು ಮಗಳ ಕೋಣೆಯ ಬಾಗಿಲಲ್ಲಿ ನಿಂತರು.

"ನೀನು ಕೇಳ್ತಿರೋದು ಏನು ಅಂತ ಗೊತ್ತಾ? ಹಾಗೆ ಬರೆದ ದಿನ ಹಳೇ ಪ್ರಬಂಧ ವಾಪಸ್ ಹೋಗುತ್ತೆ. ಲ್ಯಾಬು ಹೋಗುತ್ತೆ. ಒಂದು ಸಾಲಿಗೆ ನನ್ನ ಮೂವತ್ತು ವರ್ಷ ಹೋಗುತ್ತೆ."

"ಆ ಸಾಲು ಇಲ್ಲದೆ ಇದ್ದಿದ್ದಕ್ಕೆ ನನ್ನ ಕಿಡ್ನಿ ಹೋಗ್ತಿದೆ ಅಪ್ಪ."

"ನಿನಗೆ ಅಪ್ಪನ್ನ ಮುಳುಗಿಸ್ಬೇಕು ಅಷ್ಟೇ. ಕೇಕಿಗೆ ಹೂವು ಬಿಡಿಸೋಳಿಗೆ ಇದರ ಬೆಲೆ ಹೇಗೆ ಗೊತ್ತಾಗ್ಬೇಕು."

ಪುಟ್ಟಿ ಗೋಡೆ ಕಡೆ ಹೊರಳಿ ಮಲಗಿದಳು. ಆ ಬೆಳಿಗ್ಗೆಯೇ ಬೇಕರಿಯ ಯಜಮಾನಿ ಫೋನು ಮಾಡಿ, ಮೇಸ್ತ್ರಿಯ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡೆ, ಬೇಜಾರು ಮಾಡ್ಕೋಬೇಡ ಎಂದಿದ್ದಳು. ಆ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮರುದಿನ ತಿಂಡಿಯ ಹೊತ್ತಿಗೆ ಒಪ್ಪಿಗೆ ಪತ್ರ ಪುಟ್ಟಿಯ ತಟ್ಟೆಯ ಪಕ್ಕದಲ್ಲಿತ್ತು. ಮೂರನೇ ಪುಟ ಮೇಲೆ ಬರುವಂತೆ ಮಡಚಿತ್ತು. ಸಣ್ಣಕ್ಷರದ ಒಂದು ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ. ರಕ್ತ ಕೊಟ್ಟವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ತಮ್ಮ ಮಾದರಿಗಳನ್ನು ನಾಶಪಡಿಸಲು ಕೇಳಬಹುದು, ಕಾರಣ ಕೊಡಬೇಕಾಗಿಲ್ಲ. ಪುಟ್ಟಿ ತಲೆಯೆತ್ತಿ ಅಮ್ಮನನ್ನು ನೋಡಿದಳು. ಟೀಚರಮ್ಮ ಚಹಾಕ್ಕೆ ಸಕ್ಕರೆ ಕಲಸುತ್ತಿದ್ದಳು.

ಪ್ರೊಫೆಸರಿಗೆ ಪುಟ್ಟಿ ಇನ್ನೂ ನಾಲ್ಕು ದಿನ ಕೊಟ್ಟಳು. ಆ ಸಾಲು ಬರೆದರೆ ಕೊಳವೆ ನಿಮ್ಮದು, ಇಲ್ಲದಿದ್ದರೆ ಇಲ್ಲ ಎಂದು ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದಳು. ಹುಡುಗಾಟ, ತಾನೇ ತಣ್ಣಗಾಗುತ್ತಾಳೆ ಎಂದುಕೊಂಡರು. ಐದನೇ ದಿನ, ನನ್ನ ಕೊಳವೆಗಳನ್ನು ನಾಶಮಾಡಿ ಎಂಬ ಅವಳ ಪತ್ರ ವಿಭಾಗದ ಕಚೇರಿಗೆ ಹೋಗಿ, ಮೊಹರು ಬಿದ್ದು, ಪ್ರೊಫೆಸರ ಮೇಜಿಗೆ ಬಂತು.

ನಿಯಮದ ಪ್ರಕಾರ ರಕ್ತ ಕೊಟ್ಟವರು ಬಯಸಿದರೆ ಎದುರಿಗೇ ನಾಶ ಮಾಡಬೇಕು. ಪುಟ್ಟಿ ಬಯಸಿದ್ದಳು. ಬೆಳಿಗ್ಗೆ ಹನ್ನೊಂದಕ್ಕೆ ಅತ್ತೆಯ ತೋಳು ಹಿಡಿದುಕೊಂಡು, ತಲೆಗೆ ಬಟ್ಟೆ ಸುತ್ತಿಕೊಂಡು, ಮೂರು ಮಹಡಿಯನ್ನು ನಿಂತು ನಿಂತು ಹತ್ತಿ ಬಂದಳು. ಉದ್ದನೆಯ ಕೋಣೆ, ಬಿಳಿ ಕಲ್ಲಿನ ಮೇಜು, ಗೋಡೆಗೆ ಒರಗಿ ಗುಂಯ್ಗುಟ್ಟುವ ಆಳೆತ್ತರದ ಫ್ರೀಜರು. ಪ್ರೊಫೆಸರು ಕೆಲಸದವರನ್ನೆಲ್ಲ ಹೊರಗೆ ಕಳಿಸಿದ್ದರು. ದಪ್ಪ ಕೈಗವಸು ಹಾಕಿಕೊಂಡು ಬಾಗಿಲು ತೆರೆದಾಗ ಬಿಳಿ ಹೊಗೆ ನೆಲಕ್ಕೆ ಇಳಿಯಿತು. ಮೇಜಿನ ಮೇಲೆ ಬ್ಲೀಚಿನ ಬಕೆಟ್ಟು ಸಿದ್ಧವಿತ್ತು.

ನರ್ಸಕ್ಕ ರಟ್ಟಿನ ಪುಸ್ತಕ ತೆರೆದು ಅರೆ, ತೂತು ಹೇಳಿದಳು. ಹೇಳಿದ ತೂತಿನಲ್ಲಿ ಹೇಳಿದ ಕೊಳವೆ ಇತ್ತು. ಒಂದೂ ತಪ್ಪಲಿಲ್ಲ. ಪ್ರೊಫೆಸರು ಕೊಳವೆಯ ಮೇಲಿನ ಹಿಮವನ್ನು ಬೆರಳಿನಿಂದ ಉಜ್ಜಿ ಮಗಳ ಮುಂದೆ ಹಿಡಿದರು.

"ನಾಲ್ಕು," ಎಂದಳು ಪುಟ್ಟಿ. ಮುಚ್ಚಳ ತೆಗೆದ ಕೊಳವೆ ಬಕೆಟ್ಟಿಗೆ ಬಿತ್ತು. ನರ್ಸಕ್ಕ ಪುಸ್ತಕದಲ್ಲಿ ಗುರುತು ಹಾಕಿದಳು.

ಇಪ್ಪತ್ತನಾಲ್ಕು ಹೀಗೆ ಹೋದವು. ಇಪ್ಪತ್ತೈದನೆಯದನ್ನು ಪ್ರೊಫೆಸರು ಮಗಳ ಮುಂದೆ ಹಿಡಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು.

"ಇದು ಮೂರು ತೊಟ್ಟು ರಕ್ತ ಅಲ್ಲ ಪುಟ್ಟಿ. ಒಂಬತ್ತು ವರ್ಷ."

"ಹೌದು. ನನ್ನದು."

"ಮತ್ತೆ ಯಾರಿಗೂ ಇಂಥದ್ದು ಸಿಗಲ್ಲ. ಇದೊಂದಾದ್ರೂ ಬಿಡು."

"ಆ ಸಾಲು ಬರ್ದಿದ್ದೀರಾ?"

ಅವರು ಅಕ್ಕನ ಕಡೆ ನೋಡಿದರು. ಅಕ್ಕ ಪುಸ್ತಕದ ಮೇಲೆ ಪೆನ್ನಿಟ್ಟುಕೊಂಡು ಕಾಯುತ್ತಿದ್ದಳು. ತಾವೇ ಕೊಳವೆಯನ್ನು ಬಕೆಟ್ಟಿಗೆ ಹಾಕಿದರು. ಆಮೇಲೆ ಬೇಗ ಬೇಗ ಮುಗಿಯಿತು.

ಕೊನೆಗೆ ಒಂದು ರಿಜಿಸ್ಟರಿತ್ತು. ನಾಶ ಮಾಡಿದ ಮಾದರಿಗಳನ್ನೆಲ್ಲ ಅದರಲ್ಲಿ ಬರೆಯಬೇಕು. ಪ್ರೊಫೆಸರು ಕೈಗವಸು ಕಳಚಿ ತಾರೀಕು ಬರೆದರು, ನಂಬರು ಬರೆದರು, ಮೂವತ್ತಾರು ಎಂದು ಬರೆದರು. ಕಾರಣ ಎಂಬ ಅಂಕಣದಲ್ಲಿ ಪೆನ್ನು ನಿಂತಿತು. ದಾನಿ ಕಾರಣ ಕೊಡಬೇಕಾಗಿಲ್ಲ, ಆದರೆ ನಾಶ ಮಾಡಿದವರು ಬರೆಯಬೇಕು.

"ಏನಂತ ಬರೀಲಿ?" ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಜ ಬರೀರಿ," ಎಂದಳು ಪುಟ್ಟಿ. "ಈ ಪುಸ್ತಕವನ್ನ ಹೇಗೂ ಯಾರೂ ಓದಲ್ಲ."

ಪ್ರೊಫೆಸರು ತುಂಬ ಹೊತ್ತು ಬಗ್ಗಿ ನಿಂತಿದ್ದರು. ಅವರ ಕೈ ನಡುಗುತ್ತಿತ್ತು. ಪುಟ್ಟಿ ಕಾದಳು. ಮೂರು ಮಹಡಿ ಹತ್ತಿ ಬಂದದ್ದು ಇದೊಂದಕ್ಕೇ ಎಂಬಂತೆ ಕಾದಳು. ಕೊನೆಗೆ ಅವರು ಎರಡು ಪದ ಬರೆದು, ಸಹಿ ಹಾಕಿ, ಪುಸ್ತಕವನ್ನು ಮುಚ್ಚಲು ಹೋದರು.

ನರ್ಸಕ್ಕನ ಕನ್ನಡಕ ಚೀಲದಲ್ಲೇ ಇತ್ತು. ಮೇಜಿನ ಆ ಕಡೆ ನಿಂತಲ್ಲಿಂದಲೇ, ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರಗಳನ್ನು ಅವಳು ಗಟ್ಟಿಯಾಗಿ ಓದಿದಳು.

"ಶೇಖರಣೆಯ ದೋಷ."

ಪುಟ್ಟಿಗೆ ಮಾತ್ರೆಯ ಹೊತ್ತಾಗಿತ್ತು. ನರ್ಸಕ್ಕ ರಟ್ಟಿನ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹುಡುಗಿಯ ತೋಳಿಗೆ ಕೈ ಕೊಟ್ಟಳು, ಇಬ್ಬರೂ ಮೆಟ್ಟಿಲು ಇಳಿಯಲು ಶುರುಮಾಡಿದರು.